ನನ್ನ ಡ್ರಾಯರ್‌ನ ಆರು ಕೇಬಲ್: ಯಾವುದಕ್ಕೆ ಕೆಂಪು ಚುಕ್ಕೆ, ಯಾವುದು ಬೋಳು

ನನ್ನ ಸ್ಟುಡಿಯೋಗೆ ಹೊಸದಾಗಿ ಬಂದವರು ಟೇಬಲ್ ಮೇಲಿನ ಕೇಬಲ್‌ಗಳನ್ನು ನೋಡಿ ನಗುತ್ತಾರೆ. ಕೆಲವಕ್ಕೆ ತುದಿಯಲ್ಲಿ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇದೆ. ಒಂದೇ ಒಂದಕ್ಕೆ ಎರಡು ಚುಕ್ಕೆ. ಮಿಕ್ಕವು ಬೋಳು. ಮಗಳ ನೇಲ್ ಪಾಲಿಶ್ ಬಾಟಲಿ ಎತ್ತಿಕೊಂಡು ಬಂದು ಹಚ್ಚಿದ್ದು. ಅವಳು ಇವತ್ತಿಗೂ ಹೊಸ ಬಾಟಲಿ ಕೇಳುತ್ತಿದ್ದಾಳೆ, ನಾನು ಇವತ್ತಿಗೂ ನಾಳೆ ತರ್ತೀನಿ ಅನ್ನುತ್ತಿದ್ದೇನೆ. ನಮ್ಮಲ್ಲಿ ಕಾನೂನು ಇಷ್ಟೇ: ಒಂದು ಚುಕ್ಕೆ ಇದ್ದರೆ ಫೋಟೋ, ವಿಡಿಯೋ ತುಂಬಿಡುವ ಡ್ರೈವ್‌ಗೆ ಹಾಕಬಹುದು. ಎರಡು ಚುಕ್ಕೆ ಇದ್ದರೆ ಯಾವುದಕ್ಕೆ ಬೇಕಾದರೂ ಹಾಕಬಹುದು. ಬೋಳು ಕೇಬಲ್ ಚಾರ್ಜ್‌ಗೆ ಮಾತ್ರ.

ನಾನು ತುಮಕೂರಿನವನು. ಬಿ.ಎಚ್. ರಸ್ತೆಯಿಂದ ಒಳಗೆ ಒಂದು ಗಲ್ಲಿಯಲ್ಲಿ ಸಣ್ಣ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ, ಶಾಲೆ ವಾರ್ಷಿಕೋತ್ಸವ, ಹೀಗೆ ಕರೆದಲ್ಲಿಗೆ ಹೋಗುತ್ತೇವೆ. ಕ್ಯಾಮೆರಾ, ಲೆನ್ಸ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಕೇಬಲ್ ಬಗ್ಗೆ ಯಾರೂ ಬರೆಯುವುದಿಲ್ಲ. ಆದರೆ ಮೂರು ವರ್ಷದಲ್ಲಿ ನನ್ನ ನಿದ್ದೆ ಜಾಸ್ತಿ ಕೆಡಿಸಿದ್ದು ಕೇಬಲ್ಲೇ. ಅದಕ್ಕೆ ಈ ವಿಮರ್ಶೆ. ಎಲ್ಲವೂ ನನ್ನ ದುಡ್ಡಲ್ಲಿ ಕೊಂಡವು.

ಚುಕ್ಕೆ ಇಡುವ ಪದ್ಧತಿ ಶುರುವಾಗಿದ್ದು ಒಂದು ಮದುವೆಯಿಂದ. ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಮೂರು ಕ್ಯಾಮೆರಾ. ನಾವು 4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಇಟ್ಟು ರೆಕಾರ್ಡ್ ಮಾಡುತ್ತೇವೆ. ಅಂದರೆ ಒಂದು ಗಂಟೆಗೆ 45 ಜಿಬಿ. ಎಲ್ಲ ಸೇರಿ 400 ಜಿಬಿ ಹತ್ತಿರ ಆಗಿತ್ತು. ಎಡಿಟ್ ಮಾಡುವವರು ಇರುವುದು ಬೆಂಗಳೂರಿನಲ್ಲಿ. ನಮ್ಮ ಹುಡುಗ ಬೆಳಿಗ್ಗೆ ರೈಲಿಗೆ ಡ್ರೈವ್ ಒಯ್ದು ಅವರ ಕೈಗೆ ಕೊಡಬೇಕು. ಡ್ರೈವ್ ಹೊಸದು, ಸ್ಯಾಮ್‌ಸಂಗ್ ಟಿ7, ಎಸ್‌ಎಸ್‌ಡಿ ಜಾತಿಯದು, ಅಂದರೆ ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಫೈಲ್ ಇಡುವಂಥದ್ದು. ಕಂಪನಿಯವರು ಹೇಳುವ ವೇಗ ಸೆಕೆಂಡಿಗೆ 1,050 ಎಂಬಿ. ಇನ್ನೇನು, ಆರಾಮಾಗಿ ಆಗುತ್ತೆ ಅಂತ ಕಾಪಿ ಹಾಕಿಸಿ ಕಾಫಿಗೆ ಹೋದೆ.

ವಾಪಸ್ ಬಂದು ನೋಡಿದರೆ ಇನ್ನೂ ಎರಡೂವರೆ ಗಂಟೆ ಬಾಕಿ ಅಂತ ತೋರಿಸುತ್ತಿದೆ. ವೇಗ 38 ಎಂಬಿ.

ಮೊದಲು ಡ್ರೈವನ್ನು ಬೈದೆ. ಡುಪ್ಲಿಕೇಟ್ ಕೊಟ್ಟಿದ್ದಾರೆ ಅಂದುಕೊಂಡೆ. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದೆ. ಆಂಟಿವೈರಸ್ ನಿಲ್ಲಿಸಿದೆ. ಅಷ್ಟರಲ್ಲಿ ರೈಲು ಹೋಯಿತು. ಆಮೇಲೆ ಹುಡುಗ ಮೆಲ್ಲಗೆ ಬಾಯಿ ಬಿಟ್ಟ: "ಅಣ್ಣಾ, ಡಬ್ಬದಲ್ಲಿ ಬಂದಿದ್ದ ಕೇಬಲ್ ಗಿಡ್ಡ ಇತ್ತು, ಎಟುಕ್ಲಿಲ್ಲ. ಅದಕ್ಕೆ ಮೊಬೈಲ್ ಚಾರ್ಜರ್‌ದು ಹಾಕಿದೆ. ಎರಡೂ ಸಿ ಟೈಪೇ ಅಲ್ವಾ?"

ಎರಡೂ ಸಿ ಟೈಪೇ. ಬಾಯಿ ಒಂದೇ, ಹೊಟ್ಟೆ ಬೇರೆ. ಆ ಗಿಡ್ಡ ಕೇಬಲ್ ಹುಡುಕಿ ಹಾಕಿದ ತಕ್ಷಣ ವೇಗ 900 ದಾಟಿತು. ಪೂರ್ತಿ ಅದೇ ವೇಗದಲ್ಲಿ ಹೋಗಲಿಲ್ಲ ಅನ್ನಿ. ಇಂಥ ಡ್ರೈವ್‌ಗಳು ಶುರುವಿನ ಒಂದಷ್ಟು ಜಿಬಿ ಭರ್ರನೆ ನುಂಗಿ, ಆಮೇಲೆ ಏದುಸಿರು ಬಿಡುತ್ತವೆ. ಆದರೂ ಇಪ್ಪತ್ತು ನಿಮಿಷದೊಳಗೆ 400 ಜಿಬಿ ಮುಗಿಯಿತು. ಹುಡುಗ ಬಸ್ ಹತ್ತಿದ.

ಈಗ ಒಂದೊಂದಾಗಿ ಬರುತ್ತೇನೆ.

ಮೊದಲನೆಯದು ಆ ಅಪರಾಧಿ ಕೇಬಲ್. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ 450 ರೂಪಾಯಿಗೆ ತಂದಿದ್ದೆ. ಅಂಗಡಿ ಹೆಸರು ಬೇಡ, ಆ ರಸ್ತೆಯ ಯಾವ ಅಂಗಡಿಗೆ ಹೋಗಿದ್ದರೂ ಇದೇ ಆಗುತ್ತಿತ್ತೇನೋ. ನೋಡಲು ಬಲು ಚೆಂದ. ಬಟ್ಟೆ ಹೆಣಿಗೆಯ ಹೊದಿಕೆ, ತುದಿಯಲ್ಲಿ ಲೋಹದ ಟೋಪಿ, 2 ಮೀಟರ್ ಉದ್ದ. ಅವತ್ತಿನ ಮಾತುಕತೆ ನನಗೆ ಈಗಲೂ ನೆನಪಿದೆ.

"ಇದು ಡ್ರೈವ್‌ಗೆ ಆಗುತ್ತಾ?"

"ಆಗತ್ತೆ ಸರ್. ಡೇಟಾನೂ ಆಗತ್ತೆ, ಚಾರ್ಜಿಂಗೂ ಆಗತ್ತೆ."

"ಸ್ಪೀಡ್ ಎಷ್ಟು?"

"ಫುಲ್ ಫಾಸ್ಟ್ ಸರ್, 100 ವ್ಯಾಟ್!"

ನಾನೂ ತಲೆ ಆಡಿಸಿದೆ. ಅವರು ಸುಳ್ಳು ಹೇಳಲಿಲ್ಲ. ನಾನು ನೀರಿನ ವೇಗ ಕೇಳಿದೆ, ಅವರು ಕರೆಂಟಿನ ಲೆಕ್ಕ ಹೇಳಿದರು. ವ್ಯಾಟ್ ಅನ್ನುವುದು ಚಾರ್ಜ್ ಮಾಡುವ ತಾಕತ್ತು. ಫೈಲ್ ಓಡುವ ವೇಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇವತ್ತು ಅಂಗಡಿಯಲ್ಲಿ ಸಿಗುವ 60 ವ್ಯಾಟ್, 100 ವ್ಯಾಟ್, 240 ವ್ಯಾಟ್ ಅಂತ ಬರೆದ ಎಷ್ಟೋ ಕೇಬಲ್‌ಗಳಲ್ಲಿ ಡೇಟಾ ಓಡುವುದು ಯುಎಸ್‌ಬಿ 2ರ ವೇಗದಲ್ಲಿ. ಅಂದರೆ ಸೆಕೆಂಡಿಗೆ 480 ಮೆಗಾಬಿಟ್. ಅದು 2000ನೇ ಇಸವಿಯ ವೇಗ. ಎಂಟು ಬಿಟ್‌ಗೆ ಒಂದು ಬೈಟ್. ಭಾಗಿಸಿ, ದಾರಿಯ ಸುಂಕವನ್ನೂ ಕಳೆದರೆ ಕೈಗೆ ಸಿಗುವುದು 35ರಿಂದ 40 ಎಂಬಿ. ನನ್ನ ಸ್ಕ್ರೀನ್ ಮೇಲೆ ಬಂದ 38 ಅದೇ. ದೊಡ್ಡ ಕಂಪನಿಯವರೂ ಏನು ಕಮ್ಮಿ ಇಲ್ಲ. ಆಪಲ್ 2023ರಲ್ಲಿ ಐಫೋನ್ 15ರ ಜೊತೆ ಡಬ್ಬದಲ್ಲಿ ಕೊಟ್ಟ ಸಿ ಟೈಪ್ ಕೇಬಲ್ ಕೂಡ ಇದೇ ಯುಎಸ್‌ಬಿ 2 ವೇಗದ್ದು. ಚಾರ್ಜ್‌ಗೆಂದು ಕೊಟ್ಟಿದ್ದನ್ನು ನಾವು ಡ್ರೈವ್‌ಗೆ ಹಾಕಿದರೆ ತಪ್ಪು ಯಾರದ್ದು?

ಆ ಸಿಟ್ಟಿನಲ್ಲಿ ಒಂದು ರಾತ್ರಿ ಕೂತು ಎರಡೂ ಕೇಬಲ್‌ಗಳ ಬಾಯಿಯ ಫೋಟೋ ತೆಗೆದೆ. ಮದುವೆ ಉಂಗುರ ತೆಗೆಯಲು ಇಟ್ಟುಕೊಂಡಿರುವ ಮ್ಯಾಕ್ರೋ ಲೆನ್ಸ್ ಇದೆಯಲ್ಲ, ಅದರಲ್ಲಿ. ಕೇಬಲ್ಲನ್ನು ಬಟ್ಟೆ ಕ್ಲಿಪ್ಪಿನಲ್ಲಿ ನಿಲ್ಲಿಸಿ, ಪಕ್ಕದಿಂದ ಟಾರ್ಚ್ ಬಿಟ್ಟೆ. ಒಳಗೆ ಮೇಲೊಂದು ಸಾಲು, ಕೆಳಗೊಂದು ಸಾಲು, ಚಿನ್ನದ ಬಣ್ಣದ ಸಣ್ಣ ಪಿನ್‌ಗಳು. ಕಂಪ್ಯೂಟರ್ ಕಡೆಯ ಸಿ ಪೋರ್ಟ್‌ನಲ್ಲಿ ಒಟ್ಟು 24 ಪಿನ್ ಜಾಗ. ಎಲ್ಲ ತಂತಿಯೂ ಇರುವ ಕೇಬಲ್‌ನ ಪ್ಲಗ್‌ನಲ್ಲಿ ಎರಡು ಕಡಿಮೆ, 22. ಒಂದು ಸಾಲಿನ ನಡುವೆ ಎರಡು ಪಿನ್ ಇರುವುದಿಲ್ಲ, ಅದು ಇರಬೇಕಾದದ್ದೇ ಹಾಗೆ. ಟಿ7 ಡಬ್ಬದ ಕೇಬಲ್‌ನಲ್ಲಿ ಎಣಿಸಿದೆ, 22 ಸರಿಯಾಗಿ ಸಿಕ್ಕವು. ಇನ್ನು 450 ರೂಪಾಯಿಯ ಚೆಲುವೆ? ಪ್ರತಿ ಸಾಲಿನಲ್ಲೂ ಅಂಚಿನ ಪಿನ್ ಇದೆ, ಅದರ ಪಕ್ಕದ ಎರಡು ಇಲ್ಲ. ಆ ಕಡೆ ಅಂಚಿನಲ್ಲೂ ಹಾಗೇ. ಕೋರೆಹಲ್ಲಿನ ಪಕ್ಕ ಎರಡೆರಡು ಹಲ್ಲು ಬಿದ್ದ ಅಜ್ಜಿಯ ಬಾಯಿ ಥರ. ಹೀಗೆ ಒಟ್ಟು ಎಂಟು ಪಿನ್ ಕಾಣೆ. ವೇಗದ ಡೇಟಾ ಹೋಗಿ ಬರುವುದು ಆ ಎಂಟರಲ್ಲೇ. ಅವು ಇಲ್ಲ ಅಂದಮೇಲೆ ಯಾವ ಡ್ರೈವ್ ತಂದು ಹಾಕಿದರೂ 38ರ ಮೇಲೆ ಏಳುವುದಿಲ್ಲ.

ಇದೊಂದನ್ನೇ ನಂಬಿ ಕೇಬಲ್ ಕೊಳ್ಳಬೇಡಿ ಮತ್ತೆ. ಕೆಲವರು ಪಿನ್ ಎಲ್ಲ ಇಟ್ಟು, ಒಳಗೆ ತಂತಿಯನ್ನೇ ಎಳೆದಿರುವುದಿಲ್ಲ. ಹಲ್ಲು ಇಲ್ಲದಿದ್ದರೆ ಖಂಡಿತ ನಿಧಾನ. ಹಲ್ಲು ಇದ್ದರೆ ವೇಗ ಇರಬಹುದು, ಅಷ್ಟೇ.

ಚಾರ್ಜಿಂಗ್‌ಗೆ ಆ ಕೇಬಲ್ ತುಂಬಾ ಚೆನ್ನಾಗಿದೆ, ಅದನ್ನೂ ಹೇಳಿಬಿಡಬೇಕು. ಲ್ಯಾಪ್‌ಟಾಪ್‌ಗೆ ದಿನಾ ಅದೇ. ಡ್ರೈವ್‌ಗೆ ಸೊನ್ನೆ ಅಂಕ. ಬೋಳು.

ಎರಡನೆಯದು ಟಿ7 ಡಬ್ಬದಲ್ಲಿ ಬಂದ ಗಿಡ್ಡ. ಅದರಲ್ಲಿ ಎರಡು ಕೇಬಲ್ ಕೊಡುತ್ತಾರೆ, ಒಂದು ಸಿಯಿಂದ ಸಿಗೆ, ಇನ್ನೊಂದು ಸಿಯಿಂದ ಹಳೆಯ ಅಗಲ ಯುಎಸ್‌ಬಿಗೆ. ಗೇಣುದ್ದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ದಪ್ಪ, ಗಟ್ಟಿ, ಹೇಳಿದ ಮಾತು ಕೇಳದೆ ಸೆಟೆದುಕೊಂಡು ನಿಲ್ಲುತ್ತದೆ. ಡ್ರೈವ್ ಬರೀ 58 ಗ್ರಾಂ. ಕೇಬಲ್ ಒಂಚೂರು ತಿರುಗಿದರೆ ಡ್ರೈವೇ ಟೇಬಲ್ ಮೇಲೆ ಎದ್ದು ನಿಲ್ಲುತ್ತದೆ. ಈ ಕಾರಣಕ್ಕೇ ಜನ ಇದನ್ನು ಡಬ್ಬದಲ್ಲೇ ಬಿಟ್ಟು ಉದ್ದದ ಮೆತ್ತನೆ ಕೇಬಲ್ ಹುಡುಕುತ್ತಾರೆ. ಆದರೆ ಗಿಡ್ಡ ಇರುವುದು ಜಿಪುಣತನದಿಂದಲ್ಲ. ವೇಗ ಹೆಚ್ಚಿದಷ್ಟೂ ತಂತಿಯಲ್ಲಿ ಸಿಗ್ನಲ್ ಬೇಗ ಸೊರಗುತ್ತದೆ. ಸೆಕೆಂಡಿಗೆ 5 ಗಿಗಾಬಿಟ್, ಅಂದರೆ 5,000 ಮೆಗಾಬಿಟ್ ವೇಗಕ್ಕೆ 2 ಮೀಟರ್ ನಡೆಯುತ್ತದೆ. 10 ಗಿಗಾಬಿಟ್‌ಗೆ ಸಾದಾ ಕೇಬಲ್ ಒಂದು ಮೀಟರ್‌ನೊಳಗೆ ಇದ್ದರೆ ಕ್ಷೇಮ. 40ಕ್ಕೆ ಅದಕ್ಕಿಂತಲೂ ಗಿಡ್ಡ, 0.8 ಮೀಟರ್. ಮೂರು ಮೀಟರ್ ಉದ್ದ, 10 ಗಿಗಾಬಿಟ್, 299 ರೂಪಾಯಿ ಅಂತ ಯಾರಾದರೂ ಮಾರುತ್ತಿದ್ದರೆ ಆ ಪುಟದಿಂದ ಎದ್ದು ಬನ್ನಿ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಈ ಕೇಬಲ್ ಓದುವಾಗ 950, ಬರೆಯುವಾಗ 900ರ ಆಸುಪಾಸು ಕೊಡುತ್ತದೆ. ಸ್ಟುಡಿಯೋದ ಹಳೆ ಡೆಸ್ಕ್‌ಟಾಪ್‌ನ ನೀಲಿ ಪೋರ್ಟ್‌ಗೆ ಅದರ ಜೊತೆಗಾರ ಕೇಬಲ್ ಹಾಕಿದರೆ 430. ಅಲ್ಲಿ ತಪ್ಪು ಕೇಬಲ್‌ದಲ್ಲ, ಪೋರ್ಟ್ ಇರುವುದೇ 5 ಗಿಗಾಬಿಟ್. ಒಂದು ಚುಕ್ಕೆ ಕೊಟ್ಟಿದ್ದೇನೆ, ಖುಷಿಯಿಂದ.

ಮೂರನೆಯದರ ಬಗ್ಗೆ ಮಾತಾಡುವ ಮುಂಚೆ ಒಂದು ಹಳೆ ಕಥೆ. ನಾನು ಈ ಕೆಲಸಕ್ಕೆ ಬಂದಾಗ ಇದ್ದದ್ದು ಮಿನಿ ಡಿವಿ ಟೇಪ್. ಟೇಪಿನಿಂದ ಕಂಪ್ಯೂಟರ್‌ಗೆ ತರಲು ಫೈರ್‌ವೈರ್ ಕೇಬಲ್. ಸೋನಿಯವರು ಅದನ್ನೇ ಐಲಿಂಕ್ ಅನ್ನುತ್ತಿದ್ದರು. ಕ್ಯಾಮೆರಾ ಕಡೆ ನಾಲ್ಕು ಪಿನ್ನಿನ ಪುಟ್ಟ ಮುಖ, ಕಂಪ್ಯೂಟರ್ ಕಡೆ ಆರು ಪಿನ್ನಿನ ದೊಡ್ಡ ಮುಖ. ಒಂದು ಗಂಟೆಯ ಟೇಪ್ ಇಳಿಸಲು ಸರಿಯಾಗಿ ಒಂದು ಗಂಟೆ ಬೇಕಿತ್ತು. 13 ಜಿಬಿ ಆಗುತ್ತಿತ್ತು. ಮದುವೆ ಪೂರ್ತಿ ಎರಡನೇ ಸಲ ನೋಡಿದ ಹಾಗೆ. ಆರು ಪಿನ್ನಿನ ಆ ಮುಖದಲ್ಲಿ ಕರೆಂಟೂ ಬರುತ್ತಿತ್ತು. ಕತ್ತಲಲ್ಲಿ ಟೇಬಲ್ ಹಿಂದೆ ಕೈ ಹಾಕಿ ಉಲ್ಟಾ ತುರುಕಿದರೆ ಪೋರ್ಟೇ ಸುಟ್ಟುಹೋಗುತ್ತಿತ್ತು. ನಾನೂ ಒಂದು ಕಾರ್ಡ್ ಸುಟ್ಟಿದ್ದೇನೆ. ಆ ಹೊಗೆ ವಾಸನೆ ಒಮ್ಮೆ ಮೂಗಿಗೆ ಹೋದವರು ಮುಂದೆ ಯಾವ ಕೇಬಲ್ಲನ್ನೂ ಒತ್ತಿ ತುರುಕುವುದಿಲ್ಲ. ಸಿ ಟೈಪ್ 2014ರಲ್ಲಿ ಬಂತು, ಹೇಗೆ ಬೇಕಾದರೂ ಹಾಕಬಹುದು. ಅದೊಂದು ಪುಣ್ಯದ ಕೆಲಸ.

ಸರಿ, ಮೂರನೆಯದು. ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ಗಳಿಗೆ ಬರುತ್ತದಲ್ಲ, ಅಗಲವಾದ ಚಪ್ಪಟೆ ಮೂತಿ, ನಡುವೆ ಸೊಂಟ ಇರುವಂಥದ್ದು, ಅದು. ಹೆಸರು ಯುಎಸ್‌ಬಿ 3 ಮೈಕ್ರೋ ಬಿ. ಇದರಷ್ಟು ನನ್ನ ಹೊಟ್ಟೆ ಉರಿಸಿದ ಕನೆಕ್ಟರ್ ಇನ್ನೊಂದಿಲ್ಲ. ಹಳೆ ಗಿರಾಕಿಗಳ ಫೋಟೋ ಎಲ್ಲ ಇಂಥ ಏಳು ಡಿಸ್ಕ್‌ಗಳಲ್ಲಿವೆ. ವರ್ಷ ಕಳೆದಂತೆ ಡಿಸ್ಕ್ ಕಡೆಯ ಬಾಯಿ ಸಡಿಲ ಆಗುತ್ತದೆ. ಕಾಪಿ ಆಗುತ್ತಿರುವಾಗ ಯಾರೋ ಟೇಬಲ್‌ಗೆ ಮೊಣಕೈ ತಾಗಿಸಿದರೆ ಸಾಕು, ಟಿಕ್ ಅಂತ ಸದ್ದು, ಡಿಸ್ಕ್ ಮಾಯ. ಒಮ್ಮೆ ಒಂದು ಮನೆಯವರ ನಾಮಕರಣದ ಫೋಲ್ಡರ್ ಅರ್ಧಕ್ಕೆ ನಿಂತು, ಡಿಸ್ಕ್ ಫಾರ್ಮ್ಯಾಟ್ ಮಾಡಿ ಅಂತ ಕೇಳತೊಡಗಿತು. ರಿಕವರಿ ಸಾಫ್ಟ್‌ವೇರ್ ಹಾಕಿ ಎರಡು ದಿನ ಕೂತೆ. ಮಗು ತೊಟ್ಟಿಲಲ್ಲಿ ನಗುತ್ತಿರುವ ಫೋಟೋ ಸಿಕ್ಕಿತು, ಪುಣ್ಯ.

ಈ ಜಾತಿಯಲ್ಲಿ ಎರಡು ಗುಟ್ಟು. ಒಂದು, ಆ ಅಗಲ ಬಾಯಿಯ ಒಂದು ಭಾಗಕ್ಕೆ ಹಳೆ ಮೊಬೈಲ್‌ನ ಮೈಕ್ರೋ ಯುಎಸ್‌ಬಿ ಕೇಬಲ್ಲೂ ಕೂರುತ್ತದೆ. ಕೂರುತ್ತದೆ, ಕೆಲಸವೂ ಮಾಡುತ್ತದೆ, ಆದರೆ ಮತ್ತೆ ಅದೇ ಯುಎಸ್‌ಬಿ 2 ವೇಗ. ಆಪತ್ತಿಗೆ ಆಗುತ್ತದೆ, ಅಭ್ಯಾಸ ಮಾಡಿಕೊಳ್ಳಬೇಡಿ. ಎರಡನೆಯದನ್ನು ನಾನು ನಂಬಿರಲಿಲ್ಲ. ನೀಲಿ ಬಣ್ಣದ ಅಗಲ ಯುಎಸ್‌ಬಿಯಲ್ಲಿ ಹಳೆಯ ನಾಲ್ಕು ಪಿನ್ ಒಂದು ಸಾಲು, ವೇಗದ ಐದು ಪಿನ್ ಇನ್ನೊಂದು ಸಾಲು. ಪ್ಲಗ್ಗನ್ನು ಮೆಲ್ಲಗೆ, ನಾಜೂಕಾಗಿ ತಳ್ಳಿದರೆ ಹಳೆಯ ನಾಲ್ಕು ಮೊದಲು ಮುಟ್ಟುತ್ತವೆ. ಕಂಪ್ಯೂಟರ್ ಅವಸರದಲ್ಲಿ "ಓ, ಯುಎಸ್‌ಬಿ 2 ಬಂತು" ಅಂತ ತೀರ್ಮಾನಿಸಿ ಕೂತುಬಿಡುತ್ತದೆ. ಡಿಸ್ಕ್ ನಿಧಾನ ಅನ್ನಿಸಿದರೆ ತೆಗೆದು, ಒಂದೇ ಸಲಕ್ಕೆ ದೃಢವಾಗಿ ಒತ್ತಿ. ನಾನು ಹತ್ತು ಸಲ ಮಾಡಿ ನೋಡಿದೆ. ಎರಡು ಸಲ 36ಕ್ಕೆ ಸಿಕ್ಕಿಬಿತ್ತು, ಎಂಟು ಸಲ 120 ಬಂತು. ತಿರುಗುವ ಡಿಸ್ಕ್‌ಗೆ 120 ಅಂದರೆ ಅದೇ ಅದರ ಮಿತಿ, ಅದಕ್ಕೆ ಹತ್ತು ಗಿಗಾಬಿಟ್ ಕೇಬಲ್ ತಂದು ಹಾಕಿದರೆ ದುಡ್ಡು ದಂಡ.

ಬದಲಿ ಕೇಬಲ್ 250 ರೂಪಾಯಿಗೆ ತುಮಕೂರಿನಲ್ಲೇ ಸಿಕ್ಕಿತು. ಚೆನ್ನಾಗಿದೆ. ಚುಕ್ಕೆ ಇಟ್ಟಿಲ್ಲ, ಬೇರೆ ಯಾವುದಕ್ಕೂ ಕೂರುವುದಿಲ್ಲವಲ್ಲ, ಗೊಂದಲವೇ ಇಲ್ಲ.

ನಾಲ್ಕನೆಯದು ನನ್ನ ದುರಾಸೆಯ ಫಲ. ಬೆಂಗಳೂರಿನ ಎಡಿಟರ್ ಒಬ್ಬರು ಹಳೆ ಸಾಮಾನು ಮಾರುತ್ತಿದ್ದರು. ಥಂಡರ್‌ಬೋಲ್ಟ್ 3 (ಅದೇ ಸಿ ಟೈಪ್ ಬಾಯಿ, ಆದರೆ ಯುಎಸ್‌ಬಿಗಿಂತ ಬೇರೆ, ಇನ್ನೂ ವೇಗದ ಪದ್ಧತಿ), 2 ಮೀಟರ್, ಮಿಂಚಿನ ಗುರುತು ಇದ್ದ ದುಬಾರಿ ಕೇಬಲ್. ಹೊಸದರ ಅರ್ಧ ಬೆಲೆಗೆ ಕೊಟ್ಟರು. 40 ಗಿಗಾಬಿಟ್, ಇನ್ನೇನು ಬೇಕು ಅಂತ ಕುಣಿದುಕೊಂಡು ಬಂದೆ. ಟಿ7ಗೆ ಹಾಕಿದೆ. ಮತ್ತೆ 38!

ಒಂದು ಕ್ಷಣ ಆ ಚೆಲುವೆ ಕೇಬಲ್ಲೇ ಬಂದು ಕೂತಿದೆಯೇನೋ ಅನ್ನಿಸಿತು. ಕಾರಣ ತಿಳಿಯಲು ಎರಡು ದಿನ ಓದಬೇಕಾಯಿತು. ಥಂಡರ್‌ಬೋಲ್ಟ್ 3 ಕಾಲದ ಉದ್ದ ಕೇಬಲ್‌ಗಳ ತುದಿಯಲ್ಲಿ ಸಿಗ್ನಲ್ ಎತ್ತಿಕೊಡುವ ಚಿಪ್ ಇರುತ್ತದೆ. ಆಕ್ಟಿವ್ ಕೇಬಲ್ ಅನ್ನುತ್ತಾರೆ. ಅವುಗಳಲ್ಲಿ ಬಹುಪಾಲು ಥಂಡರ್‌ಬೋಲ್ಟ್ ಸಿಗ್ನಲ್ಲನ್ನು ಮಾತ್ರ ಎತ್ತುತ್ತವೆ. ಸಾಮಾನ್ಯ ಯುಎಸ್‌ಬಿ ಡ್ರೈವ್ ಹಾಕಿದರೆ ಯುಎಸ್‌ಬಿ 2ಕ್ಕೆ ಇಳಿದುಬಿಡುತ್ತವೆ. ಟಿ7 ಯುಎಸ್‌ಬಿ ಡ್ರೈವ್, ಥಂಡರ್‌ಬೋಲ್ಟ್ ಅಲ್ಲ. ರಾಜಧಾನಿ ಎಕ್ಸ್‌ಪ್ರೆಸ್‌ನ ಹಳಿ ಇದೆ, ಆದರೆ ನಮ್ಮ ಪ್ಯಾಸೆಂಜರ್ ಗಾಡಿಗೆ ಅಲ್ಲಿ ಪ್ರವೇಶ ಇಲ್ಲ, ಪಕ್ಕದ ಮಣ್ಣಿನ ದಾರಿಯಲ್ಲಿ ಹೋಗು ಅಂದಹಾಗೆ. ಕೊಟ್ಟವರ ತಪ್ಪೇನಿಲ್ಲ. ಅವರ ಹತ್ತಿರ ಥಂಡರ್‌ಬೋಲ್ಟ್ ಡ್ರೈವ್ ಇತ್ತು, ಅವರಿಗೆ ಅದು ಬಂಗಾರ. ನನಗೆ ಅದು ಬೋಳು.

ಐದನೆಯದಕ್ಕೆ ಎರಡು ಚುಕ್ಕೆ. ಥಂಡರ್‌ಬೋಲ್ಟ್ 4, 0.8 ಮೀಟರ್. ಆನ್‌ಲೈನ್‌ನಲ್ಲಿ 2,799 ರೂಪಾಯಿ ಕೊಟ್ಟೆ. ಹೆಂಡತಿಗೆ 799 ಅಂತ ಹೇಳಿದ್ದೇನೆ, ಈ ಪ್ಯಾರಾ ಅವಳು ಓದದಿರಲಿ. 2020ರಲ್ಲಿ ಇಂಟೆಲ್ ಇದನ್ನು ತಂದಾಗ ಹಿಂದಿನ ಆ ಗೋಜಲನ್ನು ಬಿಡಿಸಿತು. ಪ್ರಮಾಣೀಕರಿಸಿದ ಥಂಡರ್‌ಬೋಲ್ಟ್ 4 ಕೇಬಲ್ 2 ಮೀಟರ್‌ವರೆಗೂ 40 ಗಿಗಾಬಿಟ್ ಕೊಡಬೇಕು, ಯುಎಸ್‌ಬಿ ಡ್ರೈವನ್ನೂ ಅದರದೇ ವೇಗದಲ್ಲಿ ಓಡಿಸಬೇಕು. ನನ್ನ ಟಿ7ಗೆ ಹಾಕಿದೆ, 950. ಮಾನಿಟರ್‌ಗೆ ಹಾಕಿದೆ, ಚಿತ್ರ ಬಂತು. ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿದೆ, 100 ವ್ಯಾಟ್‌ವರೆಗೂ ಒಯ್ಯುತ್ತದೆ. ಗುರುತು ಸುಲಭ: ಪ್ಲಗ್ ಮೇಲೆ ಮಿಂಚು, ಪಕ್ಕದಲ್ಲಿ 4.

ಇದರ ನಿಜವಾದ ತಾಕತ್ತು ಗೊತ್ತಾಗಿದ್ದು 40 ಗಿಗಾಬಿಟ್‌ನ ಒಂದು ಖಾಲಿ ಡಬ್ಬ ಕೊಂಡು, ಅದರಲ್ಲಿ ಎನ್‌ವಿಎಂಇ ಅನ್ನುವ ಇನ್ನೂ ವೇಗದ ಜಾತಿಯ ಎಸ್‌ಎಸ್‌ಡಿ ಕೂರಿಸಿದ ಮೇಲೆ. 2,800 ಎಂಬಿ ಬಂತು, ಓದುವಾಗ. ಅಂದರೆ ಒಂದು ಗಂಟೆಯ 4ಕೆ ವಿಡಿಯೋ ಸುಮಾರು ಹದಿನಾರು ಸೆಕೆಂಡಿನಲ್ಲಿ ಹೊರಗೆ. ಡ್ರೈವ್‌ನಿಂದಲೇ ನೇರವಾಗಿ ಎಡಿಟ್ ಮಾಡಬಹುದು, ಕಾಪಿ ಮಾಡಿಕೊಳ್ಳುವ ಗೋಜೇ ಇಲ್ಲ. ಡಬ್ಬ ಮಾತ್ರ ಕೈ ಇಡಲಾಗದಷ್ಟು ಬಿಸಿ ಆಗುತ್ತದೆ. ಅಡುಗೆಮನೆಯಿಂದ ಸ್ಟೀಲ್ ತಟ್ಟೆ ತಂದು ಅದರ ಮೇಲೆ ಇಟ್ಟಿದ್ದೇನೆ. ಹುಡುಗ ಅದನ್ನು ಇಡ್ಲಿ ತಟ್ಟೆ ಅನ್ನುತ್ತಾನೆ.

ಇಷ್ಟಾದರೂ ಎಲ್ಲರೂ ಐದನೆಯದನ್ನೇ ಕೊಳ್ಳಿ ಅನ್ನಲಾರೆ. ಎಸ್‌ಎಸ್‌ಡಿ ಇಟ್ಟುಕೊಂಡ ಬಹುತೇಕರಿಗೆ ನನ್ನ ಆರನೆಯದು ಸಾಕು. ಒಂದು ಮೀಟರ್, ಡಬ್ಬದ ಮೇಲೆ ಸ್ಪಷ್ಟವಾಗಿ 10 ಜಿಬಿಪಿಎಸ್, ಅಂದರೆ ಸೆಕೆಂಡಿಗೆ 10 ಗಿಗಾಬಿಟ್ ಅಂತ ಬರೆದದ್ದು, 699 ರೂಪಾಯಿ. ಟಿ7ಗೆ 940 ಬಂತು. ಟೇಬಲ್‌ಗೆ ಎಟುಕುತ್ತದೆ, ಸ್ವಲ್ಪ ಬಗ್ಗುತ್ತದೆ. ಒಂದು ಚುಕ್ಕೆ. ಇದರ ಮೇಲೆ ದೂರೇ ಇಲ್ಲ, ಅದಕ್ಕೇ ಬರೆಯಲೂ ಏನಿಲ್ಲ.

ಡಬ್ಬದ ಮೇಲೆ ಏನು ಓದಬೇಕು ಅನ್ನುವುದೇ ದೊಡ್ಡ ಪರೀಕ್ಷೆ. 2008ರಲ್ಲಿ ಬಂದ 5 ಗಿಗಾಬಿಟ್ ವೇಗಕ್ಕೆ ಯುಎಸ್‌ಬಿ 3.0 ಅಂತ ಹೆಸರಿಟ್ಟರು. 2013ರಲ್ಲಿ ಅದೇ ವೇಗ 3.1 ಜೆನ್ 1 ಆಯಿತು. 2017ರಲ್ಲಿ ಅದೇ 3.2 ಜೆನ್ 1. ವೇಗ ಒಂದಿಂಚೂ ಕದಲಿಲ್ಲ. ಮನೆಯಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಒಂದು, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು. ಮನುಷ್ಯ ಒಬ್ಬನೇ. ಅದಕ್ಕೆ ನಾನು 3.1, 3.2 ಅನ್ನುವುದನ್ನು ಓದುವುದೇ ಇಲ್ಲ. ಅಂಕಿಯ ಪಕ್ಕ ಜಿಬಿಪಿಎಸ್ ಅಂತ ಇದೆಯಾ? ಇದ್ದರೆ ಎಷ್ಟು? ಅದಿಲ್ಲದೆ ಬರೀ ವ್ಯಾಟ್ ಇದ್ದರೆ ಅದು ಚಾರ್ಜಿಂಗ್ ಕೇಬಲ್ ಅಂದುಕೊಂಡು ಮುಂದೆ ಹೋಗುತ್ತೇನೆ.

ಬರೆದದ್ದೂ ನಿಜ ಇರಬೇಕಲ್ಲ. ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಅನ್ನುವವರು 2015ರಿಂದ ಅಮೆಜಾನ್‌ನಲ್ಲಿ ಸಿ ಟೈಪ್ ಕೇಬಲ್‌ಗಳನ್ನು ಕೊಂಡು ಒಂದೊಂದಾಗಿ ಪರೀಕ್ಷೆ ಮಾಡಿ ವಿಮರ್ಶೆ ಬರೆಯುತ್ತಿದ್ದರು. 2016ರ ಫೆಬ್ರವರಿಯಲ್ಲಿ ಅಂಥ ಒಂದು ಕೇಬಲ್ ಹಾಕಿದಾಗ ಅವರ ಕ್ರೋಮ್‌ಬುಕ್ ಪಿಕ್ಸೆಲ್ ಲ್ಯಾಪ್‌ಟಾಪೇ ಕೆಟ್ಟುಹೋಯಿತು. ಬಿಚ್ಚಿ ನೋಡಿದರೆ ಕರೆಂಟಿನ ತಂತಿ, ಗ್ರೌಂಡ್ ತಂತಿ ಅದಲುಬದಲು. ವೇಗದ ತಂತಿಗಳು ಒಳಗೆ ಇರಲೇ ಇಲ್ಲ. ಅದನ್ನು ಓದಿದ ಮೇಲೆ ರೈಲ್ವೆ ಸ್ಟೇಷನ್ ಮುಂದೆ ಹಗ್ಗದ ಮೇಲೆ ನೇತುಹಾಕಿ ಮಾರುವ ಕೇಬಲ್ಲನ್ನು ನಾನು ಡ್ರೈವ್‌ಗೆ ಮುಟ್ಟಿಸುವುದಿಲ್ಲ. ಡ್ರೈವ್‌ನಲ್ಲಿ ಇರುವುದು ನನ್ನ ಸಾಮಾನಲ್ಲ, ಇನ್ನೊಬ್ಬರ ಮದುವೆ.

ಹಬ್ ಬಗ್ಗೆ ಎರಡು ಮಾತು. ಲ್ಯಾಪ್‌ಟಾಪ್‌ನ ಒಂದು ಪೋರ್ಟನ್ನು ಆರು ಮಾಡಿಕೊಡುವ ಒಂದು ಹಬ್ ಇದೆ ನನ್ನ ಹತ್ತಿರ. ಅದಕ್ಕೆ ಡ್ರೈವ್ ಹಾಕಿ ಕಾಪಿ ಶುರು ಮಾಡಿದರೆ ಮೌಸ್ ಕುಂಟುತ್ತಿತ್ತು. ಬಾಣ ಇಲ್ಲಿದ್ದದ್ದು ಅಲ್ಲಿಗೆ ಜಿಗಿಯುತ್ತದೆ. ಸೆಲ್ ಬದಲಿಸಿದೆ, ಮೌಸೇ ಬದಲಿಸಿದೆ. ಕೊನೆಗೆ ತಿಳಿದದ್ದು, ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗಲಾಟೆ ಎಬ್ಬಿಸುತ್ತದೆ. ವೈರ್‌ಲೆಸ್ ಮೌಸ್ ಮಾತಾಡುವುದೂ ಅಲ್ಲೇ. ಇಂಟೆಲ್ 2012ರಲ್ಲೇ ಇದನ್ನು ಬರೆದಿಟ್ಟಿದೆ. ಮೌಸ್‌ನ ಸಿಗ್ನಲ್ ಹಿಡಿಯುವ ಗುಬ್ಬಿಯಂಥ ಡಾಂಗಲ್ಲನ್ನು ಹಬ್‌ನಿಂದ ಕಿತ್ತು ಲ್ಯಾಪ್‌ಟಾಪ್‌ನ ಆ ಕಡೆಗೆ ಹಾಕಿದೆ. ಸರಿಹೋಯಿತು. ಎರಡು ಮೌಸ್ ಈಗ ಮನೆಯಲ್ಲಿವೆ, ಬೇಕಾದವರು ಕೇಳಿ.

ಈಗ ನಾನು ಕೇಬಲ್ ಕೊಳ್ಳಲು ಹೋದರೆ ಲ್ಯಾಪ್‌ಟಾಪ್, ಟಿ7 ಎರಡೂ ಚೀಲದಲ್ಲಿ ಇರುತ್ತವೆ. 10 ಜಿಬಿಯ ಒಂದು ವಿಡಿಯೋ ಫೈಲ್ ತಯಾರಿರುತ್ತದೆ. ಕೌಂಟರ್ ಮೇಲೇ ಹಾಕಿ ಕಾಪಿ ಮಾಡುತ್ತೇನೆ. ಒಳ್ಳೆ ಕೇಬಲ್ ಆದರೆ ಹನ್ನೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ಚಾರ್ಜಿಂಗ್ ಕೇಬಲ್ ಆದರೆ ನಾಲ್ಕು ನಿಮಿಷ ಆದರೂ ಮುಗಿಯುವುದಿಲ್ಲ. ಅಂಗಡಿಯವರು ಮೊದಲು ಮುಖ ಸಿಂಡರಿಸಿದರು. ಒಬ್ಬರು ಮಾತ್ರ ಕುತೂಹಲದಿಂದ ಬಂದು ನೋಡಿ, "ಸರ್, ಇದನ್ನೂ ಹಾಕಿ ನೋಡಿ, ಇದನ್ನೂ ಹಾಕಿ" ಅಂತ ಗೋಡೆಯ ಮೇಲಿದ್ದ ಹನ್ನೊಂದು ಕೇಬಲ್ ಇಳಿಸಿದರು. ಮೂರು ಪಾಸಾದವು. ಆ ಮೂರನ್ನು ಬೇರೆ ಮೊಳೆಗೆ ನೇತುಹಾಕಿಕೊಂಡರು. ನನಗೆ 50 ರೂಪಾಯಿ ಕಮ್ಮಿ ಮಾಡಿದರು. ಮ್ಯಾಕ್ ಇರುವವರಿಗೆ ಕಾಪಿಯೂ ಬೇಡ, ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಯುಎಸ್‌ಬಿ ತೆರೆದರೆ ಡ್ರೈವ್ ಯಾವ ವೇಗದಲ್ಲಿ ಸೇರಿಕೊಂಡಿದೆ ಅಂತ ಬರೆದಿರುತ್ತದೆ. 480 ಅಂತ ಕಂಡರೆ ಕೇಬಲ್ ವಾಪಸ್ ಕೊಡಿ.

ಇನ್ನೊಂದು ಸಣ್ಣದು. ಒಳ್ಳೆ ಕೇಬಲ್ಲೂ ಸಡಿಲ ಅನ್ನಿಸಿದರೆ ಪೋರ್ಟ್ ಒಳಗೆ ನೋಡಿ. ಮದುವೆ ಮನೆಯ ಅಕ್ಷತೆಯ ಅರಿಶಿನ ಪುಡಿ ನನ್ನ ಲ್ಯಾಪ್‌ಟಾಪ್ ಪೋರ್ಟ್‌ನಲ್ಲಿ ಕೂತಿತ್ತು. ಲ್ಯಾಪ್‌ಟಾಪ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ಕೆರೆದೆ. ಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ.

ಹೋದ ವಾರ ಟಿ7 ಬೆಂಗಳೂರಿನಿಂದ ವಾಪಸ್ ಬಂತು. ಪೌಚ್ ತೆರೆದರೆ ಡ್ರೈವ್ ಇದೆ, ಜೊತೆಗೆ ಯಾವುದೋ ಬಿಳಿ ಸಪೂರ ಕೇಬಲ್. ನನ್ನ ಕಪ್ಪು ಗಿಡ್ಡ ಇಲ್ಲ. ಎಡಿಟರ್‌ಗೆ ಫೋನ್ ಮಾಡಿದೆ.

"ಹೌದಾ ಸರ್? ನನ್ನ ಹುಡುಗ ಚಾರ್ಜ್‌ಗೆ ಹಾಕ್ಕೊಂಡಿರ್ಬೇಕು. ಅದ್ರಲ್ಲೇನಿದೆ ಬಿಡಿ, ಕೇಬಲ್ ಎಲ್ಲ ಒಂದೇ ಅಲ್ವಾ?"

"ಅದರ ತುದೀಲಿ ಕೆಂಪು ಚುಕ್ಕೆ ಇದೆಯಾ ನೋಡಿ" ಅಂದೆ.

"ಇದೆ ಸರ್. ಏನದು, ಕುಂಕುಮಾನಾ?"

ಕೊರಿಯರ್ ಮಾಡಿ, ದುಡ್ಡು ನಾನೇ ಕೊಡ್ತೀನಿ ಅಂದೆ.